ಮೂಗುಹಾಜರಿಯಲ್ಲಿ ನಾನು ಹೇಳಿದ ಸುಳ್ಳು

ಗದಗ
ಫೆಬ್ರವರಿ 30, 2171

ಚೇತನಾಜ್ಜಿ,

ತಾರೀಖು ತಪ್ಪಲ್ಲ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಅರ್ಧ ಇಂಗ್ಲಿಷೇ ಬಾಯಿಗೆ ಬರುತ್ತದೆ. ಹತ್ತೊಂಬತ್ತರ ನಿಮ್ಮನ್ನು ಅಜ್ಜಿ ಎಂದಿದ್ದಕ್ಕೂ ಸಾರಿ. ನೀವು ನನ್ನ ಅಜ್ಜಿಯ ಮುತ್ತಜ್ಜಿ. 2020ರ ಮಾರ್ಚಿನಲ್ಲಿ, ಆ ಜ್ವರ ಶುರುವಾದ ವಾರ, ಹಾಸ್ಟೆಲ್ ಖಾಲಿ ಮಾಡಿ ಸೂಟ್‌ಕೇಸ್ ಹಿಡಿದು ಬಸ್ಸಿಗೆ ಕಾಯುತ್ತಿರುವ ನಿಮಗೆ ಈ ಹಿನ್ನೋಲೆ. ಹಿನ್ನೋಲೆ ಎಂದರೆ ಹಿಂದಿನವರಿಗೆ ಬರೆಯುವ ಪತ್ರ. ಭಯವಾದಾಗ ಬರೆಯುತ್ತೇವೆ.

ಇಲ್ಲೂ ಹೊಸ ಜ್ವರವೊಂದು ಶುರುವಾಗಿದೆ, ಅದಕ್ಕಿನ್ನೂ ಹೆಸರಿಲ್ಲ. ಮೊದಲು ಹೋಗುವುದು ವಾಸನೆ. ನಿಮ್ಮ ಕಾಲದಿಂದ ಉಳಿದುಬಂದ ರೂಢಿಯೊಂದು ನಮ್ಮಲ್ಲಿದೆ, ಮೂಗುಹಾಜರಿ ಅಂತ. ದಿನಾ ಬೆಳಿಗ್ಗೆ ಮೆಸ್ಸಿನ ಬಾಗಿಲಲ್ಲಿ ಅಡುಗೆಯ ಪಾರ್ವತಕ್ಕ ಒಬ್ಬೊಬ್ಬರಿಗೂ ಒಂದು ಪುಟ್ಟ ಬಟ್ಟೆಗಂಟು ಕೊಡುತ್ತಾರೆ. ಒಳಗೆ ಒಂದು ದಿನ ಇಂಗು, ಒಂದು ದಿನ ಕಾಫಿಪುಡಿ. ಮೂಸಿ, ಏನೆಂದು ಮೆಲ್ಲಗೆ ಹೇಳಬೇಕು. ಗೊತ್ತಾಗದಿದ್ದರೆ ಏಳು ದಿನ ತೋಟದ ಕೋಣೆ. ಅದು ಶಿಕ್ಷೆಯೇನಲ್ಲ, ಗೆಳತಿಯರು ಕಿಟಕಿಯಾಚೆ ದೂರ ಕುಳಿತು ಹರಟುತ್ತಾರೆ. ಆದರೂ ನನಗೆ ಒಬ್ಬಳೇ ಇರಲು ಭಯ.

ಸೋಮವಾರ ಎಷ್ಟು ಮೂಸಿದರೂ ನನ್ನ ಗಂಟಿನಲ್ಲಿ ಏನೂ ಇಲ್ಲದ ಹಾಗಿತ್ತು. ಪಾರ್ವತಕ್ಕನ ಬೆರಳ ತುದಿ ಹಳದಿಯಾಗಿದ್ದು ಕಂಡಿತು. ಅರಿಶಿನ ಎಂದುಬಿಟ್ಟೆ.

"ಏನ್ ಮೂಗ್ ಬೇ ನಿಂದು! ಉಳದವ್ರು ಮೂಸಿ ಮೂಸಿ ಸಾಯಾಕತ್ತಾರ, ನೀ ನೋಡಿದ್ರ ಹಿಡಿಯೂದ್ರಾಗ ಹೇಳಿದಿ," ಎಂದು ನಕ್ಕರು. ನಾನೂ ನಕ್ಕೆ. ಮುಂದಿನ ದಿನಗಳಲ್ಲೂ ಹೀಗೇ ಊಹಿಸಿ ಪಾರಾದೆ.

ಗುರುವಾರ ನನ್ನ ರೂಮ್‌ಮೇಟ್ ಸುಗಲಾಳಿಗೆ ಜ್ವರ ಬಂತು. ಈಗ ಅವಳು ಆಸ್ಪತ್ರೆಯಲ್ಲಿ, ಆಕ್ಸಿಜನ್ ಮೇಲೆ. ಹಿಂದಿನ ವಾರ ಊರಿಗೆ ಹೋಗಿ ಬಂದಿದ್ದಳು, ಹಾಗಾಗಿ ಆರೋಗ್ಯ ಇಲಾಖೆಯವರು ಅವಳ ಊರಿನಲ್ಲಿ ಮನೆಮನೆ ತಪಾಸಣೆ ಮಾಡುತ್ತಿದ್ದಾರೆ. ನನ್ನನ್ನು ತೋಟದ ಕೋಣೆಗೆ ಹಾಕಿದ್ದಾರೆ, ಅವಳಿಂದ ನನಗೆ ಬಂದಿರಬಹುದೆಂದು. ಕಿಟಕಿಯಾಚೆಯಿಂದ ಒಬ್ಬಳು, "ಚಕ್ಕುಲಿ ಜೋಡಿ ಜ್ವರಾನೂ ಕಟ್ಕೊಂಡ್ ಬಂದಾಳ ನೋಡ್ ಆಕಿ. ಪಾಪ, ನಿನಗೂ ಹಚ್ಚಿದ್ಲು," ಎಂದಳು. ಆ ಚಕ್ಕುಲಿಯಲ್ಲಿ ಅರ್ಧ ತಿಂದವಳು ನಾನು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸೋಮವಾರದಿಂದ ಗುರುವಾರದವರೆಗೆ ಲ್ಯಾಬಿನಲ್ಲಿ, ಲೈಬ್ರರಿಯಲ್ಲಿ ನನ್ನ ಪಕ್ಕ ಕುಳಿತವರನ್ನು ಯಾರೂ ಪರೀಕ್ಷಿಸುತ್ತಿಲ್ಲ. ಅವರೆಲ್ಲ ಎಂದಿನಂತೆ ಓಡಾಡಿಕೊಂಡಿದ್ದಾರೆ.

ಅಜ್ಜಿ, ಮುಂದೇನು ಎಂದು ನೀವು ಅಲ್ಲಿ ನಡುಗುತ್ತಿದ್ದೀರಿ. ಮುಂದೆ ನಾನಿದ್ದೇನೆ. ನೂರೈವತ್ತು ವರ್ಷ ಇದೆ, ಅದರಲ್ಲಿ ಮದುವೆಗಳಿವೆ, ಪರೀಕ್ಷೆಗಳಿವೆ, ಚಕ್ಕುಲಿಯೂ ಇದೆ. ನಮ್ಮ ಈ ಜ್ವರಕ್ಕೂ ಒಂದು ಆಚೆ ಇರಲೇಬೇಕು. ಸುಗಲಾ ಅದನ್ನು ನೋಡಬೇಕು. ಇವತ್ತು ಎರಡು ಗುಟುಕು ಗಂಜಿ ಕುಡಿದಳಂತೆ.

ನಿಮ್ಮಲ್ಲಿ ಒಂದೇ ವಿನಂತಿ: ಮೈ ಸರಿಯಿಲ್ಲದಿದ್ದರೆ, ಯಾರಾದರೂ ಕೇಳಿದ ಕೂಡಲೇ ಹೇಳಿಬಿಡಿ. ನಿಮ್ಮ ಕ್ಷಮೆ ಕೇಳಲೆಂದು ಬರೆಯಲು ಕುಳಿತೆ. ಆದರೆ ಕ್ಷಮೆ ಕೊಡಬೇಕಾದವರು ನೀವಲ್ಲ.

ಪಾರ್ವತಕ್ಕ ಊಟದ ತಟ್ಟೆ ಹಿಡಿದು ಬರುತ್ತಿದ್ದಾರೆ. ನನ್ನ ಮೇಲಿನ ಕನಿಕರಕ್ಕೆ ಪಾಯಸವನ್ನೂ ಇಟ್ಟಿದ್ದಾರೆ. ಅವರು ತಟ್ಟೆ ಕೆಳಗಿಡುವ ಮೊದಲೇ ಹೇಳಬೇಕು.

ನಿಮ್ಮ ಮರಿಮಗಳ ಮೊಮ್ಮಗಳು,
ಇನಿತಾ