ಚಿಮಣಿ ಆರಿದ ವಾರ

ಭಾನುವಾರ, ಮಧ್ಯಾಹ್ನ

ತಂಗೀ,

ಮೊದಲು ಪ್ರೀತಿಯ ಅಂತ ಬರೆದು ಹೊಡೆದುಹಾಕಿದೆ. ಇವತ್ತು ನಿನ್ನ ಮೇಲೆ ನನಗಿರೋದು ಹೊಟ್ಟೆಕಿಚ್ಚು. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದು ಬರೆಯೋಕೆ ಕೈ ಬರುತ್ತೆ.

ಈ ಕಾಗದ ತಂದಿರೋಳು ನನ್ನ ಮಗಳು, ನಿನ್ನ ಮಿಡತೆ. ಆ ಹೆಸರಿಟ್ಟವಳು ನೀನೇ. ರಜೆಗೆ ಬಂದವಳು ಒಂದು ಕಡೆ ನಿಲ್ಲದೆ ಕುಪ್ಪಳಿಸುತ್ತಾಳೆ ಅಂತ ಬರೆದಿದ್ದೆ. ಓದಿ ಮೈ ಉರಿದುಹೋಯಿತು. ನನ್ನ ಮನೆಯಲ್ಲಿ ಅವಳು ಯಾವತ್ತೂ ಕುಪ್ಪಳಿಸಿದವಳಲ್ಲ. ಹೆತ್ತು ಸಾಕಿದ ನನಗೆ, ಅವಳಿಗೆ ಓಡೋಕೆ ಬರುತ್ತೆ ಅನ್ನೋದು ನಿನ್ನಿಂದ ಗೊತ್ತಾಗಬೇಕಾಯಿತು.

ರಜೆ ಮುಗಿದು ಕರೆದೊಯ್ಯೋಕೆ ಬಂದಾಗ ದಿಬ್ಬದ ಮೇಲಿಂದ ನನ್ನ ಕಡೆ ಓಡಿ ಬಂದಳಲ್ಲ, ನಾನು ತಬ್ಬಿಕೊಂಡು ಅವಳ ಬೆನ್ನಿಗೆ ಕಿವಿ ಇಟ್ಟೆ. ಎದೆಯೊಳಗಿನ ಆ ಉಬ್ಬಸದ ಸೀಟಿ ಇರಲಿಲ್ಲ. ಖುಷಿಪಡೋದು ಬಿಟ್ಟು ನಾನು ನೋಡಿದ್ದು ನಿನ್ನ ಮುಖ. ಬಹುಮಾನ ಗೆದ್ದವಳ ಹಾಗೆ ನೀನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಅದಕ್ಕೇ ಅವತ್ತು ಊಟಕ್ಕೂ ನಿಲ್ಲಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂದದ್ದು ಬರೀ ನೆಪ.

ನಮಗೆ ಅನ್ನ ಹಾಕೋದೇ ಹೊಗೆ ಕಾರೋ ಆ ಚಿಮಣಿ. ನಿನ್ನ ಭಾವ ವಿದ್ಯುತ್ ಸ್ಥಾವರದೊಳಗೆ ಕಲ್ಲಿದ್ದಲು ಉರಿಸುತ್ತಾರೆ, ನಾನು ಅದರ ಗೇಟಿನೆದುರು ಲಾಂಡ್ರಿ ಇಟ್ಟುಕೊಂಡು ಅದೇ ಮಸಿ ತೊಳೆಯುತ್ತೇನೆ. ಬಟ್ಟೆ ಕರಿಯಾದಷ್ಟೂ ನನಗೆ ಗಿರಾಕಿ. ನೀನು ಛಾವಣಿ ಹತ್ತಿ ಸೋಲಾರ್ ಹಲಗೆ ಕೂರಿಸೋ ಕೆಲಸ ಕಲಿತಾಗ ಅವರು ನಿನಗೆ ಬಿಸಿಲು ಮಾರೋಳು ಅಂತ ಹೆಸರಿಟ್ಟರು. ಮೋಡ ಬಂದರೆ ಏನು ಮಾರ್ತಾಳೆ ಅಂತ ಕೇಳಿದರು. ಕೊಡೆ ಮಾರ್ತಾಳೆ ಅಂದವಳು ನಾನೇ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಕಳೆದ ತಿಂಗಳು ಕಲ್ಲಿದ್ದಲಿನ ಹಡಗು ಬರಲಿಲ್ಲ. ಎಲ್ಲೋ ದೂರದಲ್ಲಿ ಯಾರೋ ಯಾರ ಮೇಲೋ ಜಗಳಕ್ಕೆ ನಿಂತರಂತೆ, ಬಂದರು ಮುಚ್ಚಿದರಂತೆ. ಸ್ಥಾವರದ ಅಂಗಳದಲ್ಲಿದ್ದ ಕಲ್ಲಿದ್ದಲ ಗುಡ್ಡ ಕರಗಿ ನೆಲ ಕಂಡಿತು. ಬಾಯ್ಲರುಗಳು ಒಂದೊಂದಾಗಿ ಆರಿದವು. ನಿನ್ನಲ್ಲಿಂದ ಬಂದ ಮೇಲೆ ಮಿಡತೆಗೆ ಉಬ್ಬಸ ಮರಳಿತ್ತಲ್ಲ, ಔಷಧಿಯನ್ನು ಹಬೆ ಮಾಡಿ ಎಳೆಸೋ ಯಂತ್ರ ಮನೆಯಲ್ಲಿದೆ. ಆ ಯಂತ್ರಕ್ಕೆ ಕರೆಂಟು ಬೇಕು. ಇಡೀ ಸೀಮೆಗೆ ಕರೆಂಟು ಕೊಡೋ ಚಿಮಣಿಯ ಬುಡದಲ್ಲಿ ಕೂತು, ಸತ್ತ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುತ್ತಿದ್ದೆ ಕಣೆ, ಹುಚ್ಚಿಯ ಹಾಗೆ.

ಸಂಜೆಯ ಹೊತ್ತಿಗೆ ಅವಳ ತುಟಿ ನೀಲಿಯಾಯಿತು. ನಿನ್ನ ಭಾವ ಹೆಗಲ ಮೇಲೆ ಹಾಕಿಕೊಂಡು ಓಡಿದರು. ಆಸ್ಪತ್ರೆಯಲ್ಲಿ ಡೀಸೆಲ್ ಜನರೇಟರಿನಿಂದ ಒಂದೇ ಕೋಣೆ ನಡೆಯುತ್ತಿತ್ತು. ಬಾಗಿಲ ಹೊರಗೆ ತಾಯಂದಿರ ಸಾಲು, ಎಲ್ಲರೂ ನನ್ನ ಗಿರಾಕಿಗಳೇ. ಎಲ್ಲರ ತೊಡೆಯ ಮೇಲೂ ಸೀಟಿ ಹೊಡೆಯೋ ಮಕ್ಕಳು. ಕಿಟಕಿ ತೆರೆದರೆ ಜನರೇಟರಿನ ಹೊಗೆ ಒಳಕ್ಕೇ ಬರುತ್ತಿತ್ತು, ಮುಚ್ಚಿದರೆ ಉಸಿರುಕಟ್ಟುವ ಸೆಕೆ. ಡೀಸೆಲ್ಲೂ ತಳ ಕಂಡಿದೆ, ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಳ್ಳಿ ಅಂದಳು ನರ್ಸು. ನಮ್ಮ ಮುಂದೆ ಒಂದು ಹಸುಗೂಸಿತ್ತು. ಅದರ ತಾಯಿ ಮಿಡತೆಯ ತುಟಿ ನೋಡಿ, ಮೊದಲು ನೀವು ಹೋಗಿ ಅಂದಳು. ನಾನು ಬಾಯಿಮಾತಿಗೂ ಬೇಡ ಅನ್ನಲಿಲ್ಲ. ಕೂಸು ಈಗ ಚೆನ್ನಾಗಿದೆ, ಗಾಬರಿಯಾಗಬೇಡ.

ಹಬೆ ಎಳೆದು ಮುಗಿಸಿ, ಮಾಸ್ಕ್ ತೆಗೆದ ಕೂಡಲೇ ನನ್ನ ಮಗಳು ಏನಂದಳು ಗೊತ್ತಾ? ಅಮ್ಮಾ ಅನ್ನಲಿಲ್ಲ. ಚಿಕ್ಕಮ್ಮನ ಮನೇಲಿ ಈಗ ಲೈಟು ಉರೀತಿರುತ್ತೆ ಅಲ್ವಾ ಅಂದಳು. ಉರೀತಿರುತ್ತೆ ಪುಟ್ಟ, ಅಂದೆ.

ಚಿಮಣಿ ಆರಿ ನಾಲ್ಕೈದು ದಿನವಾಗಿರಬೇಕು. ಯಂತ್ರವಿಲ್ಲದೆ ಕೈಯಲ್ಲೇ ಒಗೆದ ಸ್ಥಾವರದ ಅತಿಥಿಗೃಹದ ಚಾದರಗಳನ್ನು ಅಂಗಳದಲ್ಲಿ ಹರವಿದ್ದೆ. ಸಂಜೆ ತೆಗೆಯೋಕೆ ಹೋದರೆ ಒಗೆದಾಗ ಎಷ್ಟು ಬಿಳಿ ಇದ್ದವೋ ಅಷ್ಟೇ ಬಿಳಿ. ಅಂಗಡಿ ತೆರೆದಾಗಿನಿಂದ ಅಂಥದ್ದು ನಾನು ನೋಡಿರಲಿಲ್ಲ. ಆ ಚಾದರಗಳ ನಡುವೆ ಮಿಡತೆ ನುಸುಳುತ್ತಿದ್ದಳು, ಕುಪ್ಪಳಿಸುತ್ತಿದ್ದಳು. ನನ್ನ ಅಂಗಳದಲ್ಲಿ ಕಣೆ, ನನ್ನ ಕಣ್ಣೆದುರಿಗೆ!

ಅಂದರೆ ಅವಳನ್ನು ವಾಸಿ ಮಾಡಿದ್ದು ನಿನ್ನ ಕೈಗುಣವಲ್ಲ, ನಿನ್ನ ಮುದ್ದೂ ಅಲ್ಲ, ಬರೀ ಗಾಳಿ. ಆ ಕ್ಷಣ ನನಗಾದ ಸಮಾಧಾನ ಹೇಳಿದರೆ ನೀನು ನನ್ನನ್ನು ಕ್ಷಮಿಸಲಿಕ್ಕಿಲ್ಲ. ಚಾದರ ಮಡಚಿಡುವಾಗ ಇನ್ನೊಂದು ಹೊಳೆಯಿತು. ನಿನ್ನ ಮುದ್ದೇ ಕಾರಣವಾಗಿದ್ದರೆ ನಾನು ಅದರ ಎರಡರಷ್ಟು ಮುದ್ದು ಮಾಡಿ ಗೆಲ್ಲಬಹುದಿತ್ತು. ಗಾಳಿಯನ್ನು ಎಲ್ಲಿಂದ ತರಲಿ?

ಹಡಗು ಬಂತು. ಸೈರನ್ ಕೂಗಿದಾಗ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಿನ್ನ ಭಾವ ಹಬ್ಬಕ್ಕೆ ಹೊರಟವರ ಹಾಗೆ ಬೂಟು ಮೆಟ್ಟಿಕೊಂಡು ಹೋದರು. ವಾರ ತುಂಬೋದರೊಳಗೆ ಮಿಡತೆಯ ಎದೆಯಲ್ಲಿ ಮತ್ತೆ ಸೀಟಿ ಶುರುವಾಯಿತು. ಕೆಲಸದಿಂದ ಬಂದ ನಿನ್ನ ಭಾವ ಕೈ ತೊಳೆಯುತ್ತಾ ಅದನ್ನು ಕೇಳಿಸಿಕೊಂಡರು. ನಲ್ಲಿ ನಿಲ್ಲಿಸಲೇ ಇಲ್ಲ, ನೀರು ಸುರಿಯುತ್ತಲೇ ಇತ್ತು. ಆಮೇಲೆ, ನಿನ್ನ ತಂಗಿ ಮನೆ ಹತ್ತಿರ ಶಾಲೆ ಇದೆಯಾ ಅಂತ ಕೇಳಿದರು. ಬಿಸಿಲು ಮಾರೋಳು ಅನ್ನಲಿಲ್ಲ. ನನಗೆ ಸಿಟ್ಟು ಬಂತು. ಎಲ್ಲರೂ ಸೇರಿ ಮಗುವನ್ನು ಅವಳಿಗೇ ಕೊಟ್ಟುಬಿಡಿ ಅಂತ ಕೂಗಾಡಿದೆ. ಹಾಗಾದರೆ ನೀನೇ ಒಂದು ದಾರಿ ಹೇಳು ಅಂದರು.

ನಾವೂ ಗಂಟುಮೂಟೆ ಕಟ್ಟಿಕೊಂಡು ಬಂದುಬಿಡೋಣ ಅಂದರೆ, ಅವರಿಗೆ ಬೆಂಕಿ ಹಾಕೋದು ಬಿಟ್ಟರೆ ಬೇರೆ ಕೆಲಸ ಬರಲ್ಲ. ನನ್ನ ಲಾಂಡ್ರಿ ನಡೆಯೋಕೆ ನಿಮ್ಮಲ್ಲಿ ಮಸಿಯಾದರೂ ಎಲ್ಲಿದೆ?

ಹಾಗಾಗಿ ಅವಳನ್ನು ನಿನ್ನ ಭಾವನ ಜೊತೆ ಕಳಿಸಿದ್ದೇನೆ. ನಾನು ಬಂದಿದ್ದರೆ ಕೈಹಿಡಿದು ವಾಪಸ್ ಎಳೆದುಕೊಂಡು ಬರುತ್ತಿದ್ದೆ. ಜಡೆ ಬಿಗಿಯಾಗಿ ಹೆಣೆಯಬೇಡ, ತಲೆನೋವು ಅನ್ನುತ್ತಾಳೆ. ಹೊಸ ಫ್ರಾಕು ಬೇಕಾದರೆ ನನಗೆ ಹೇಳು, ನಾನೇ ಕಳಿಸುತ್ತೇನೆ. ಬಾಯ್ತಪ್ಪಿ ನಿನ್ನನ್ನು ಅಮ್ಮ ಅಂದರೆ ತಿದ್ದು. ಮೊದಲನೆಯ ಸಲ ಕೇಳಿಸದವಳ ಹಾಗೆ ಇದ್ದುಬಿಡ್ತೀಯ ಅಂತ ಗೊತ್ತು. ನಿನ್ನ ಜಾಗದಲ್ಲಿದ್ದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಎರಡನೆಯ ಸಲ ತಿದ್ದು.

ಎಷ್ಟು ಉರಿದರೂ ನಿನ್ನವಳೇ ಆದ,
ಅಕ್ಕ

ಇನ್ನೊಂದು ಮಾತು: ಅವಳಿಗೆ ಎರಡು ವಾರಕ್ಕೆ ಅಂತ ಹೇಳಿ ಕಳಿಸಿದ್ದೇನೆ. ಇಲ್ಲಿನ ಶಾಲೆಯಿಂದ ಹೆಸರು ತೆಗೆಸಿ ಆಗಿದೆ, ಅದು ಅವಳಿಗೆ ಗೊತ್ತಿಲ್ಲ. ಹೇಳೋ ಕೆಲಸ ನಿನ್ನದು, ನನ್ನಿಂದಾಗಲಿಲ್ಲ. ಹೇಳಿದಾಗ ಅವಳು ಅತ್ತರೆ ಕೂಡಲೇ ನನಗೆ ಬರೆ. ನಕ್ಕರೆ ಬರೆಯಬೇಡ.