ಅಮ್ಮನ ಅರವತ್ತು

ಅಳತೆ ಕಚೇರಿ, ಮೇಲಿನ ಮಹಡಿ
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮೆಟ್ಟಿಲ ಮೇಲೆ ಕೂತು ಬೀದಿಯವರಿಗೆಲ್ಲ ಬುದ್ಧಿ ಹೇಳುವಷ್ಟು ಚೆನ್ನಾಗಿದ್ದೀಯೆಂದು ಪುಟ್ಟಿ ವರದಿ ಕೊಟ್ಟಳು. ರಜೆ ಮುಗಿದರೂ ಅಜ್ಜಿಯನ್ನು ಬಿಟ್ಟು ಬರುವುದಿಲ್ಲವಂತೆ; ನನ್ನ ಮಗಳನ್ನು ಪೂರ್ತಿ ನಿನ್ನ ಪಕ್ಷಕ್ಕೆ ಎಳೆದುಕೊಂಡಿದ್ದೀಯ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕಿತ್ತು, ಆದರೆ ನೆಟ್ಟಗೆ ನಿದ್ದೆ ಮಾಡಿ ವಾರವಾಯಿತು. ನಿನ್ನೆ ಫೋನಿನಲ್ಲಿ ಬಾಯಿ ತೆರೆಯುವಷ್ಟರಲ್ಲೇ "ಲೆಕ್ಕಾನ ಬಾಯಲ್ಲಿ ಹೇಳ್ಬೇಡ, ಬರೆದು ಕಳಿಸು" ಅಂದು ನೀನು ಫೋನ್ ಇಟ್ಟುಬಿಟ್ಟೆ. ಸರಿ, ಬರೆಯುತ್ತಿದ್ದೇನೆ. ಕಚೇರಿಯ ಡ್ರೈವರ್ ಮಾಮ ಊಟ ಮುಗಿಸಿ ನಿಮ್ಮ ಕಡೆ ಹೊರಡುವುದರೊಳಗೆ ಮುಗಿಸಬೇಕು.

ನೀನು ನಿವೃತ್ತಿಯಾಗುವಾಗ ಬಿಟ್ಟುಹೋದ ಕುರ್ಚಿಯಲ್ಲೇ ಕೂತಿದ್ದೇನೆ, ಅದರ ಒಂದು ಕಾಲು ಈಗಲೂ ಕುಂಟುತ್ತದೆ. ಅಣೆಕಟ್ಟೆಯ ಗೋಡೆಗೆ ನೆನಪಿದೆ ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿದ್ದು ನೀನೇ. ಇವತ್ತಿನ ನೀರಷ್ಟೇ ಅದನ್ನು ಬಗ್ಗಿಸುವುದಿಲ್ಲ, ಹಿಂದೆ ನಿಂತ ಪ್ರತಿ ದಿನದ ನೀರೂ ಚೂರುಚೂರೇ ಬಗ್ಗಿಸುತ್ತಿರುತ್ತದೆ. ಎಲ್ಲವನ್ನೂ ಕೂಡಿಸಿದರೆ ಇವತ್ತಿನ ಬಾಗು. ಆ ಕೂಡಿಕೆಗೆ, ಆ ಇಂಟೆಗ್ರಲ್‌ಗೆ, ಸಿದ್ಧ ಸೂತ್ರವಿಲ್ಲ. ಕಾಲವನ್ನು ಹೋಳು ಮಾಡಿ ಒಂದೊಂದಾಗಿ ಕೂಡಿಸಬೇಕು. ನಿನ್ನ ಕಾಲದ ಕಂಪ್ಯೂಟರ್ ತೆವಳುತ್ತಿತ್ತು, ಅದಕ್ಕೆ ನೀನು ದಪ್ಪ ಹೋಳು ಮಾಡಿದೆ. ಆಮೇಲೆ ಗೋಡೆಯ ಆಯಸ್ಸು ಅರವತ್ತು ವರ್ಷವಿರಬಹುದೆಂದು ಊಹೆ ಕೊಟ್ಟು, ಅಳತೆಗಳಿಗೆ ಹೊಂದುವಂತೆ ತಿದ್ದು ಎಂದು ಅದಕ್ಕೆ ಬಿಟ್ಟೆ. ಅರವತ್ತೇ ಸರಿ ಎಂದಿತು. ನಿನ್ನ ಅಂದಾಜನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಗೋಡೆಯ ಕೆಳಗೆ ಮನೆ ಕಟ್ಟಲು ಜನ ಹಿಂಜರಿದಾಗ "ಮೊದಲನೇ ಮನೆ ನಂದೇ" ಅಂದವಳೂ ನೀನೇ.

ಈಚೆಗೆ ಬಾಗಿನ ಅಳತೆಗಳು ನಿನ್ನ ಲೆಕ್ಕ ಎಳೆದ ಗೆರೆಯನ್ನು ಬಿಟ್ಟು ಮೇಲೇರತೊಡಗಿದವು. ಮಾಪಕ ಕೆಟ್ಟಿರಬೇಕೆಂದು ಬದಲಾಯಿಸಿದೆವು. ಹೊಸದೂ ಅದನ್ನೇ ಹೇಳಿತು. ಅದನ್ನೂ ಬದಲಾಯಿಸಿದೆವು. ಕೊನೆಗೆ ತಲೆಕೆಟ್ಟು, ಅರವತ್ತರ ಬದಲು ನೂರು ಕೊಟ್ಟು ನೋಡಿದೆ. ನೂರೇ ಸರಿ ಎಂದಿತು. ಮೂವತ್ತು ಕೊಟ್ಟೆ. ಮೂವತ್ತೇ ಸರಿ ಎಂದಿತು. ಅಮ್ಮಾ, ಆ ಕಂಪ್ಯೂಟರ್ ಹುಡುಕುವ ಬಗೆಯನ್ನೇ ಕೂತು ಹೆಜ್ಜೆಹೆಜ್ಜೆಯಾಗಿ ನೋಡಿದೆ. ಊಹೆಯನ್ನು ಒಂದಿಷ್ಟು ಅಲುಗಿಸಿ, ಮೊತ್ತ ಬದಲಾಯಿತೇ ಎಂದು ನೋಡಿಯೇ ತಾನೇ ಅದು ದಾರಿ ಹುಡುಕುವುದು. ಹೋಳುಗಳು ಅಷ್ಟು ದಪ್ಪವಿದ್ದರೆ ಆ ಅಲುಗಾಟ ಅವುಗಳೊಳಗೇ ಮುಚ್ಚಿಹೋಗುತ್ತದೆ. ಬದಲಾವಣೆ ಕಾಣದೆ, ಗುರಿ ಮುಟ್ಟಿದೆನೆಂದುಕೊಂಡು ಕೂತುಬಿಡುತ್ತದೆ. ಇಷ್ಟು ವರ್ಷ ಅದು ನಮಗೆ ಉತ್ತರವನ್ನೇ ಕೊಟ್ಟಿಲ್ಲ, ನಾವು ಹೇಳಿದ್ದಕ್ಕೆ ಹೂಂಗುಟ್ಟಿದೆ ಅಷ್ಟೆ.

ಸಾಹೇಬರಿಗೆ ತೋರಿಸಿದೆ. "ನಿಮ್ಮಮ್ಮನೇ ಅಲ್ಲಿ ಆರಾಮಾಗಿದಾರಲ್ಲ, ನಿಮಗ್ಯಾಕೆ ಇಷ್ಟು ಗಾಬರಿ?" ಎಂದು ನಕ್ಕರು. ಜಗಳವಾಡಿದ ಮೇಲೆ ಸಂಜೆ ಮೇಲಿನವರನ್ನು ಕರೆಸಲು ಒಪ್ಪಿದ್ದಾರೆ. ನಾನೇ ಅಲ್ಲಿಗೆ ಓಡಿಬರುತ್ತಿದ್ದೆ, ಆದರೆ ನಾನು ಈ ಕೋಣೆ ಬಿಟ್ಟರೆ ಮಾತು ಇಲ್ಲೇ ಸಮಾಧಿಯಾಗುತ್ತದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಮ್ಮಾ. ನಿನ್ನ ಹಟದ ಬಗ್ಗೆ ಭಯವಿದೆ. ಹಗಲೂ ರಾತ್ರಿ ಆ ಬೀದಿಯೇ ಕಣ್ಣಮುಂದೆ ಬರುತ್ತಿದೆ, ಪುಟ್ಟಿ ಅದರಲ್ಲಿ ಸೈಕಲ್ ಹೊಡೆಯುತ್ತಿರುತ್ತಾಳೆ.

ಮಾತ್ರೆ ತಪ್ಪಿಸಬೇಡ. ಪುಟ್ಟಿಗೆ ಮುತ್ತು, ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ಮಗಳು

ತಾ.ಕ.: ಮಾಮ ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಹೋಳುಗಳನ್ನು ಕೂದಲಷ್ಟು ತೆಳ್ಳಗೆ ಮಾಡಿ ಮತ್ತೆ ಕೂಡಿಸಿದೆ. ಈಗ ನೂರರಿಂದ ಹೊರಟರೂ ಮೂವತ್ತರಿಂದ ಹೊರಟರೂ ಬಂದು ನಿಲ್ಲುವುದು ಒಂದೇ ಕಡೆ: ಇಪ್ಪತ್ತೊಂದು. ಗೋಡೆಗೆ ಈಗ ಇಪ್ಪತ್ತೊಂದನೇ ವರ್ಷ ನಡೆಯುತ್ತಿದೆ, ನೀರು ಅಂಚಿನವರೆಗೆ ತುಂಬಿದೆ. ಪುಟ್ಟಿಯನ್ನು ಕರೆದುಕೊಂಡು ಇದೇ ಗಾಡಿಯಲ್ಲಿ ಹೊರಡು. ನಾನು ಹೇಳಿದರೆ ಬೀದಿಯವರು ಕೇಳುವುದಿಲ್ಲ. ನೀನು ಇದ್ದೀಯೆಂದೇ ಅವರೆಲ್ಲ ಅಲ್ಲಿದ್ದಾರೆ. ಆದ್ದರಿಂದ ಒಳಗೊಳಗೇ ಗಂಟುಮೂಟೆ ಕಟ್ಟಬೇಡ. ಪೆಟ್ಟಿಗೆಯನ್ನು ಬೀದಿಗೆ ತಂದಿಟ್ಟು, ಎಲ್ಲರೂ ನೋಡುವಂತೆ ಕಟ್ಟು.