ಶುಕ್ರವಾರದ ಬಾಂಬೆ ಟೋಸ್ಟ್

ಉದಯಗಿರಿ, ಮೈಸೂರು
19 ಏಪ್ರಿಲ್ 2025, ಶನಿವಾರ

ಸೊಸೆ ಸಂಘಮಿತ್ರಳಿಗೆ ಅತ್ತೆ ಬರೆಯುವುದು.

ನಾನು ಸೆಲ್ವಮೇರಿ. ಗ್ಯಾರೇಜಿನ ಲೂರ್ದುಸ್ವಾಮಿಯವರ ಹೆಂಡತಿ, ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್, ನಮ್ಮ ಚರ್ಚಿನ ಮಹಿಳಾ ಸಂಘಕ್ಕೆ ಇಪ್ಪತ್ತಾರು ವರ್ಷ ಅಧ್ಯಕ್ಷೆ. ನನ್ನ ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತು ಇರಲಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದೆ, ಏಕೆಂದರೆ ಇದರಲ್ಲಿ ಒಂದು ನಿನ್ನೆಗೆ ಮುಗಿಯಿತು.

ನನ್ನ ಮಗ ಆಂಟೋ ತೀರಿಹೋಗಿ ವರ್ಷ ದಾಟಿತು. ನೀನು ಹೂಟಗಳ್ಳಿಯ ತವರಿಗೆ ಹೋಗಿ ವರ್ಷವಾಗುತ್ತಾ ಬಂತು. ಏಕೆ ಹೋದೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ, ಸಿಹಿ ಮಾಡುವುದಿಲ್ಲ. ಈಸ್ಟರ್ ಬೆಳಿಗ್ಗೆ ಪೂಜೆ ಮುಗಿಸಿ ಬಂದು ನಾನು ಹೂರಣ ತುಂಬಿದ ಬಾಂಬೆ ಟೋಸ್ಟ್ ಮಾಡುತ್ತೇನೆ. ಕಾಯಿತುರಿ, ಸಕ್ಕರೆ, ಗೋಡಂಬಿ, ದ್ರಾಕ್ಷಿ. ಆ ದಿನ ಒಲೆಯ ಮುಂದೆ ಬೇರೆ ಯಾರನ್ನೂ ನಿಲ್ಲಿಸಿದವಳಲ್ಲ.

ಹೋದ ವರ್ಷ ಗುಡ್ ಫ್ರೈಡೇ ಉಪವಾಸದ ದಿನ ಆಂಟೋ ಅದನ್ನು ಬೇಡಿದ್ದು ನಿನ್ನನ್ನು. ಕಿಮೋ ಆಗಿ ಬಾಯೆಲ್ಲ ಹುಣ್ಣು, ಮೂರು ದಿನದಿಂದ ಗಂಟಲಿಗೆ ಏನೂ ಇಳಿದಿರಲಿಲ್ಲ. ನೀನು ಮಾಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನೀನು ಗೋಡಂಬಿ ಮುಟ್ಟಲಿಲ್ಲ. ಎರಡು ರಸಬಾಳೆ ಹಿಸುಕಿ, ಬೆಲ್ಲ ಏಲಕ್ಕಿ ಸೇರಿಸಿ, ತುಪ್ಪದಲ್ಲಿ ಬಾಡಿಸಿದೆ. ಬ್ರೆಡ್ಡಿನ ಗಟ್ಟಿ ಅಂಚು ಕತ್ತರಿಸಿದೆ. ಎರಡು ಹೋಳಿನ ನಡುವೆ ಹೂರಣವಿಟ್ಟು, ಒದ್ದೆ ಬೆರಳಲ್ಲಿ ಸುತ್ತಲೂ ಒತ್ತಿ, ಹಾಲು ಮೊಟ್ಟೆಯಲ್ಲಿ ಅದ್ದಿ, ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಬೇಯಿಸಿದೆ. ಅಷ್ಟು ಮೆತ್ತಗೆ ನಾನು ಯಾವತ್ತೂ ಮಾಡಿಲ್ಲ.

ಕಾಯಿಲೆಯವರಿಗೆ ಉಪವಾಸವಿಲ್ಲ ಎಂದು ಫಾದರ್ ಪ್ರತಿ ವರ್ಷ ಹೇಳುತ್ತಾರೆ. ಸಂಘದ ಹೆಂಗಸರಿಗೆ ಅದನ್ನು ಬಿಡಿಸಿ ಹೇಳುತ್ತಿದ್ದವಳು ನಾನೇ. ಆದರೂ ಅವನ ಮುಂದಿನಿಂದ ತಟ್ಟೆ ಎತ್ತಿಕೊಂಡೆ. "ಇವತ್ತು ಬೇಡ ಕಣೋ. ಭಾನುವಾರ ನಾನೇ ಮಾಡಿಕೊಡ್ತೀನಿ" ಎಂದೆ. ಅವನು ಶನಿವಾರ ಮಧ್ಯಾಹ್ನ ಹೋದ.

ಮೂವತ್ತನೇ ದಿನದ ಪೂಜೆಗೆ ಬಂದವರು ಕೊನೆಗೆ ಏನು ತಿಂದ ಎಂದು ಕೇಳಿದರು. ತಟ್ಟೆ ಎತ್ತಿದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ಶುಕ್ರವಾರದ ದಿನ ಮೊಟ್ಟೆ ತಿನ್ನಿಸಿದ್ಲು. ನಮ್ಮ ಧರ್ಮದೋಳಲ್ಲ, ಅವಳಿಗೇನು ಗೊತ್ತು ನಮ್ಮ ಶುಕ್ರವಾರ" ಎಂದುಬಿಟ್ಟೆ. ನೀನು ಟೀ ಹಿಡಿದು ಹಿಂದೆಯೇ ನಿಂತಿದ್ದೆ. ಲೋಟಗಳನ್ನು ಒಂದೊಂದಾಗಿ ಎಲ್ಲರಿಗೂ ಕೊಟ್ಟೆ, ನನಗೂ ಕೊಟ್ಟೆ. ಸಂಜೆ ತವರಿಗೆ ಹೊರಟೆ. ಅಂದಿನಿಂದ ಚರ್ಚಿನಲ್ಲಿ ನಿನ್ನ ಹೆಸರು ಗುಡ್ ಫ್ರೈಡೇ ಮೊಟ್ಟೆ ತಿನ್ನಿಸಿ ಗಂಡನನ್ನು ಕಳೆದುಕೊಂಡವಳು ಎಂದಾಯಿತು. ಆ ಮಾತು ಕಿವಿಗೆ ಬಿದ್ದರೂ ನಾನು ತಿದ್ದಲಿಲ್ಲ.

ನಿನ್ನೆ ಗುಡ್ ಫ್ರೈಡೇ ಆರಾಧನೆ ಮುಗಿದ ಮೇಲೆ ಎಂದಿನಂತೆ ಚರ್ಚಿನಲ್ಲಿ ಗಂಜಿ ಬಡಿಸಲು ನಿಂತೆ. ಮೊದಲ ಸೌಟು ಪ್ರತಿ ವರ್ಷ ನನ್ನದು. ನಿನ್ನೆ ಸೌಟು ಕೆಳಗಿಟ್ಟು, ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದೆ: ಹಸಿದ ಮಗನ ಮುಂದಿನಿಂದ ತಟ್ಟೆ ಎತ್ತಿದವಳು ನಾನು, ನನ್ನ ಸೊಸೆ ಅವನಿಗೆ ತಿನ್ನಿಸಲು ಬಂದವಳು. ನಮ್ಮ ಬೀದಿಯ ಜೂಲಿ, "ಈಗ ಹೇಳಿ ಏನ್ ಬಂತು ಸೆಲ್ವಮ್ಮ? ಆ ಹುಡುಗಿ ಮನೆ ಬುಟ್ಟು ಹೋಗಾಯ್ತು" ಎಂದಳು.

ಸಂಘದ ಪುಸ್ತಕವನ್ನೂ ಬೀಗದ ಕೈಯನ್ನೂ ಫಾದರ್ ಕೈಗೆ ಒಪ್ಪಿಸಿ ಮನೆಗೆ ಬಂದೆ. ನಿನ್ನನ್ನು ಬಾ ಎಂದು ಕರೆಯುವ ಮುಖ ನನಗಿಲ್ಲ. ನಾಳೆ ಈಸ್ಟರಿಗೆ ಈ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.

ಇಂತಿ,
ಸೆಲ್ವಮೇರಿ

ವಿ.ಸೂ.: ನಿನ್ನೆ ಗಂಜಿ ಸಾಲಿನಲ್ಲಿ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಆ ಶುಕ್ರವಾರ ನೀನು ನೀರು ತರಲು ಒಳಗೆ ಹೋದಾಗ ಅವನು ಒಂದು ತುತ್ತು ತಿಂದ. ನುಂಗಿ, ನನ್ನನ್ನು ನೋಡಿ ನಕ್ಕ. "ಅಮ್ಮಾ, ನಿನ್ ಟೋಸ್ಟ್‌ಗಿಂತ ಇದೇ ಚೆನ್ನಾಗದೆ ಕಣಮ್ಮ. ಇವಳ ಹತ್ರ ಕಲ್ತ್ಕೊಂಡ್ಬುಡು" ಎಂದ. ನಾನು ತಟ್ಟೆ ಎತ್ತಿದ್ದು ಆಗ. ಶುಕ್ರವಾರ ಎಂಬುದು ನನಗೆ ಆಮೇಲೆ ನೆನಪಾಯಿತು. ಆ ಮಾತು ನಿನಗೆ ಸೇರಬೇಕಾದದ್ದು.